ಬಂದರಿನ ಗೋಲಿಬಾರು

ಆ ಗೋಡೆ ನೋಡಲಿಕ್ಕೆ ಈಗಲೂ ಜನ ಬರುವುದುಂಟು.
ರಿಕ್ಷಾದವರೇ ಕರೆತಂದು ತೋರಿಸುತ್ತಾರೆ:
ಇದು ಇನ್ಸ್‌ಪೆಕ್ಟರರ ಗುಂಡು, ಇದು ಕೊಗ್ಗನದ್ದು,
ಇದು ಯಾರದ್ದೋ, ದೇವರಿಗೇ ಗೊತ್ತು.
ನಾನು ಬಾಟಲಿ ತೊಳೆಯುತ್ತಾ ಸುಮ್ಮನಿರುತ್ತೇನೆ.
ಅವು ಬಲೆ ಒಣಹಾಕುವವರು
ಮೊಳೆ ಹೊಡೆದು ಕಿತ್ತ ತೂತು.
ನಿಜದ ಗೋಡೆ ಎಂಬತ್ತೆರಡರ ಮಳೆಗೆ ಬಿತ್ತು;
ಅದರ ಮುರಕಲ್ಲು ಬೋಳೂರಿನ ಯಾವುದೋ ಬಾವಿಕಟ್ಟೆಯಲ್ಲಿ ಉಂಟು.
ಬಂದವರಿಗೆ ಬಿಸಿಲು, ಬಾಯಾರಿಕೆ,
ತೂತು ನೋಡಿದ ಮೇಲೆ ಎರಡೆರಡು ಸೋಡ ಕುಡಿಯುತ್ತಾರೆ.
ಮತ್ತೆ ನಾನ್ಯಾಕೆ ಬಾಯಿ ಬಿಡಲಿ?

ಎಮರ್ಜೆನ್ಸಿಗೆ ಹಿಂದಿನ ವರ್ಷ. ನನಗೆ ಹತ್ತು.
ದಕ್ಕೆಯಲ್ಲಿ ಆ ದಿನ ಬೆಲೆಯೇ ಇಲ್ಲದಷ್ಟು ಬಂಗುಡೆ.
ಮೂರೂವರೆಗೆ ನಮ್ಮ ಎರಡು ಬೆಂಚೂ ಭರ್ತಿ.
ಒಂದರಲ್ಲಿ ಕೊಗ್ಗ, ಇದಿನಬ್ಬ, ಬಾಬ್ಟಿ ಸೋಜ,
ಹಂಚು ಹೇರಿ ಹೋದ ಮಂಜಿ
ಚಿನ್ನ ಹೇರಿ ಬರುವ ವ್ಯಾಪಾರದವರು.
ಇನ್ನೊಂದರಲ್ಲಿ ಇನ್ಸ್‌ಪೆಕ್ಟರ್ ಪೆಮ್ಮಯ್ಯ, ಹೆಡ್ಡು ದೂಮಣ್ಣ,
ಕಸ್ಟಮ್ಸಿನ ಒಬ್ಬ ಬಡಕಲು ಗುಮಾಸ್ತ. ಮಫ್ತಿಯಲ್ಲಿ.
ಮಫ್ತಿ ಎಂದರೆ ಎಂತ ಮಾರಾಯ್ರೆ,
ಕೊಗ್ಗನ ಮದುವೆಗೆ ಚಪ್ಪರ ಹಾಕಿದ್ದೇ ದೂಮಣ್ಣ.

ಸೆಖೆಯ ಮಾತಾಯಿತು.
ಬೀಡಿಗೆ ಬೆಂಕಿ ಆಚೆ ಬೆಂಚಿನಿಂದ ಈಚೆಗೆ ಬಂತು.
"ಎರಡು ಸೋಡ ಲೆಕ್ಕಕ್ಕೆ ಬರೆಯಿರಿ" ಅಂದ ಕೊಗ್ಗ.
ಆಮೇಲೆ ಒಬ್ಬೊಬ್ಬರಾಗಿ ಎದ್ದು
ಗೋದಾಮಿನ ಹಿಂದಿನ ಓಣಿಗೆ ನಡೆದರು,
ಹೆಣದ ಹಿಂದೆ ಹೋಗುವವರ ಹಾಗೆ, ಅವಸರವಿಲ್ಲದೆ.

ಸದ್ದಿಗೆ ಅಪ್ಪ ತಲೆ ಎತ್ತಲಿಲ್ಲ.
"ಯಾವನೋ ಬಾಟಲಿ ಪೆಟ್ಟಿಗೆ ಬೀಳಿಸಿದ."
ಸೋಡ ಮಾಡುವವನಿಗೆ ಎಲ್ಲ ಸದ್ದೂ ಸೋಡದ್ದೇ.
ನಾನು ಒಂದು ಬಾಟಲಿ ಸಿಕ್ಕಿಸಿ ಚಕ್ರ ತಿರುಗಿಸಿದೆ.
ಗೋಲಿ ಮೇಲೇರಿ ಕುತ್ತಿಗೆಗೆ ಕೂತಿತು.
ಅಷ್ಟರಲ್ಲಿ ಮುಗಿದಿತ್ತು.

ಮರುದಿನ ಪೇಪರಿನಲ್ಲಿ ದೊಡ್ಡಕ್ಷರ: ಗೋಲಿಬಾರು.
ನಮ್ಮ ಅಂಗಡಿಯ ಸುದ್ದಿ ಬಂತೆಂದು
ಶಾಲೆಗೆಲ್ಲ ತೋರಿಸಿ ಬಂದೆ.

ಈಗ ಹೇಳುವವರು ಅರ್ಧ ಗಂಟೆ ಎನ್ನುತ್ತಾರೆ.
ಕೋರ್ಟಿನಲ್ಲಿ ಹನ್ನೊಂದು ಗುಂಡು, ಊರಿನಲ್ಲಿ ನಲವತ್ತು.
ಕೂಳೂರಿನ ತಾಳಮದ್ದಲೆಯಲ್ಲಿ ಕರ್ಣನ ಅರ್ಥ ಹೇಳುವವರೊಬ್ಬರು
ರಥದ ಚಕ್ರ ಹೂತಲ್ಲಿಂದ ಸೀದಾ ನಮ್ಮ ಓಣಿಗೆ ಇಳಿದು
ಕೊಗ್ಗನ ಪಿಸ್ತೂಲು ಕಚ್ಚಿದ್ದನ್ನು ವಾದಿಸಿ
ಚಪ್ಪಾಳೆ ಗಿಟ್ಟಿಸಿದರಂತೆ.
ಕಚ್ಚಿತ್ತೋ ಏನೋ. ನಾನು ಅವನ ಕೈಯಲ್ಲಿ ಕಂಡದ್ದು
ತೇಗದ ಎಲೆಯಲ್ಲಿ ಸುತ್ತಿದ ಒಂದು ಕಟ್ಟು.
ಅದರೊಳಗೆ ಏನಿತ್ತೆಂದು
ಮಹಜರಿನಲ್ಲಿ ಎರಡು ತರ ಬರೆದಿದೆ.
ಬಾಬ್ಟಿ ಕೈ ಎತ್ತಿದ. ಇದಿನಬ್ಬ ಹೊಳೆಗೆ ಹಾರಿದ.
ಕೊಗ್ಗ ಬಿದ್ದಲ್ಲಿಂದ ನಾಲ್ಕು ಮಾರು ದೂರ
ಗುಮಾಸ್ತನೂ ಬಿದ್ದಿದ್ದ. ಅವನ ಹೆಸರು ಯಾವ ರಿಕ್ಷಾದವನೂ ಹೇಳುವುದಿಲ್ಲ.
ಉಪೇಂದ್ರ ಮಲ್ಯ, ಡೊಂಗರಕೇರಿ.
ಉಪ್ಪು ಸ್ವಲ್ಪ ಜಾಸ್ತಿ ಹಾಕು ಅಂದವ.

ದೂಮಣ್ಣನಿಗೆ ಪದಕ ಬಂತು.
ಆಮೇಲೂ ದಿನಾ ಸಂಜೆ ಬರುತ್ತಿದ್ದ,
ಕೊಗ್ಗ ಕೂತ ಬೆಂಚಿನಲ್ಲೇ ಕೂರುತ್ತಿದ್ದ.
ಅಪ್ಪ ಹೆಬ್ಬೆರಳು ಒತ್ತಿದರೆ
ಪಟ್.
ದೂಮಣ್ಣನ ಭುಜ ಕಿವಿಗೆ ತಾಗುತ್ತಿತ್ತು.
ಮೂರನೆಯ ದಿನದಿಂದ ಅಪ್ಪ ಅಂಗಡಿಯ ಹಿಂದೆ ಹೋಗಿ
ಬಾಟಲಿಯ ಬಾಯಿಗೆ ಒದ್ದೆ ಬೈರಾಸು ಸುತ್ತಿ
ಮಲಗಿದ ಮಗುವಿನಡಿಯಿಂದ ಕೈ ಎಳೆದುಕೊಳ್ಳುವ ಹಾಗೆ
ಚೂರುಚೂರೇ ಗ್ಯಾಸು ಬಿಡುವುದನ್ನು ಕಲಿತರು.
ಗ್ಯಾಸು ಹೋದ ಸೋಡ, ಬರೀ ಉಪ್ಪುನೀರು.
ದೂಮಣ್ಣ ತಳದವರೆಗೆ ಕುಡಿದು ದುಡ್ಡಿಡುತ್ತಿದ್ದ,
ಚಿಲ್ಲರೆ ಕೇಳುತ್ತಿರಲಿಲ್ಲ. ಹತ್ತೊಂಬತ್ತು ವರ್ಷ.

ಒಮ್ಮೆ ಲೆಕ್ಕದ ಪುಸ್ತಕದಲ್ಲಿ ಕೊಗ್ಗನ ಎರಡು ಸೋಡ ಕಂಡು
ಕಿಸೆಗೆ ಕೈ ಹಾಕಿದ.
ಅಪ್ಪ ಪುಸ್ತಕ ಮುಚ್ಚಿದರು.
"ಅದು ಅವನದ್ದು."

ಮೊನ್ನೆ ಒಬ್ಬ ಕಾಲೇಜು ಹುಡುಗ
ಮೊಳೆಯ ತೂತಿಗೆ ಬೆರಳಿಟ್ಟು ಫೋಟೋ ತೆಗೆಸಿಕೊಂಡು ಬಂದ.
ನನ್ನ ಕೈ ತಾನಾಗಿ ಬೈರಾಸಿಗೆ ಹೋಯಿತು.
"ಎಂತ ಅಂಕಲ್, ಸದ್ದೇ ಬರಲಿಲ್ಲ,
ಬೇರೆ ಕೊಡಿ, ಪಟ್ ಅನ್ನುವುದು."